ಬರೆದಿದ್ದನ್ನ ಯಾರಿಗೆ ತೋರಿಸ್ಬೇಕು?

(1/3)
ಹೋದ ವರ್ಷ ಅಪ್ಪನ ಸೋಯಾ ಬೆಳೆ ಮಳೆಗೆ ಹೋಯ್ತು. ವಿಮೆ ಹಣ ಬರ್ಲಿಲ್ಲ, ಒಂದು ಅರ್ಜಿ ಬರ್ಕೊಡು ಅಂದ್ರು. ನಾನು ಬಿಕಾಂ ಹುಡುಗ, ಬ್ಯುಸಿನೆಸ್ ಲೆಟರ್ ಪಾಠ ಬಾಯಿಪಾಠ. ಜೋರಾಗಿ ಎರಡು ಪುಟ ಬರ್ದೆ. ಕೌಂಟರ್‌ನಾಗ ಇದ್ದವರು ಮ್ಯಾಲಿಂದ ಕೆಳಗ ನೋಡಿ, "ಏನ್ ಬೇಕು ಅದಷ್ಟೇ ಬರ್ಕೊಂಡು ಬಾ ತಮ್ಮಾ" ಅಂತ ವಾಪಸ್ ಕೊಟ್ರು. ಹೊರಗ ಬಂದು ನಾನೇ ಓದಿದೆ. ಮೊದಲ ಪುಟದ ಅರ್ಧ ಬರೀ "ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ". ಸರ್ವೆ ನಂಬರ್ ಇಲ್ಲ. ಬೆಳೆ ಹಾಳಾದ ತಾರೀಖು ಇಲ್ಲ. ಅಪ್ಪ ಏನೂ ಅನ್ಲಿಲ್ಲ. ಹುಮನಾಬಾದಿಂದ ಊರಿಗೆ ಹೋಗೋ ತನಕ ಬಸ್ಸಿನ ಕಿಟಕಿ ಕಡೆ ಮಾರಿ ಮಾಡಿ ಕೂತಿದ್ರು.

ಆವತ್ತಿಂದ ತಲ್ಯಾಗ ಒಂದೇ ಮಾತು ಕೊರೀತದ. ಒಂದನೇ ಕ್ಲಾಸಿಂದ ಡಿಗ್ರಿ ತನಕ ಇಷ್ಟು ಬರ್ದೀನಿ, ಒಬ್ಬರಾದ್ರೂ ನನ್ನ ಪಕ್ಕ ಕೂತು "ಈ ಸಾಲು ನನಗೆ ಅರ್ಥ ಆಗ್ಲಿಲ್ಲ, ಏನ್ ಹೇಳ್ಬೇಕಂತಿ?" ಅಂತ ಕೇಳೇ ಇಲ್ಲ. ಮಾರ್ಕ್ಸ್ ಹಾಕ್ತಾರ, ಸಹಿ ಹಾಕ್ತಾರ, ಮುಗೀತು. ಅಸೈನ್‌ಮೆಂಟ್ ಪುಟ ಎಣಿಸಿ ತಗೋತಾರ. ಪ್ರಾಜೆಕ್ಟ್ ರಿಪೋರ್ಟ್ ಅಂತೂ ಝೆರಾಕ್ಸ್ ಅಂಗಡ್ಯಾಗ ರೆಡಿ ಸಿಗ್ತದ, ಹೆಸರು ಬದಲಿಸಿದ್ರ ಸಾಕು. (ನಗಬ್ಯಾಡ್ರಿ, ಸೆಕೆಂಡ್ ಇಯರ್‌ನಾಗ ನಾನೂ ತಗೊಂಡೀನಿ.)

(2/3)
ಹೊರಗಿನ ಎಷ್ಟೋ ಯೂನಿವರ್ಸಿಟಿಗಳಲ್ಲಿ ಇದಕ್ಕಂತಲೇ ಒಂದು ಜಾಗ ಇರ್ತದ, ರೈಟಿಂಗ್ ಸೆಂಟರ್ ಅಂತಾರ. ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯಲ್ಲಿ 1976ರಲ್ಲೇ ರೈಟಿಂಗ್ ಲ್ಯಾಬ್ ಶುರುವಾಯ್ತು. 1994ರಿಂದ ಅವರ ಪಾಠಗಳು ಇಂಟರ್ನೆಟ್‌ನಾಗೂ ಅವ, ಮೊಬೈಲ್‌ನಾಗ ನೀವೂ ಫ್ರೀ ಓದಬಹುದು. ನಮ್ಮ ದೇಶದಾಗ ಹರಿಯಾಣದ ಅಶೋಕ ಯೂನಿವರ್ಸಿಟಿಯಲ್ಲಿ ಇಂಥ ಕೇಂದ್ರ ಅದ. ಕೆಲಸ ಬಹಳ ಸರಳ. ಅರ್ಧಂಬರ್ಧ ಬರೆದ ಹಾಳೆ ತಗೊಂಡು ಹೋಗ್ತೀರಿ, ಟ್ಯೂಟರ್ ಒಬ್ಬರು ನಿಮ್ಮ ಜೊತೆ ಕೂತು ಓದ್ತಾರ. ಬಹಳ ಕಡೆ ಆ ಟ್ಯೂಟರ್ ಸಹ ಒಬ್ಬ ಸೀನಿಯರ್ ವಿದ್ಯಾರ್ಥಿನೇ. ಅವರು ತಿದ್ದಿಕೊಡೋದಿಲ್ಲ, ಪ್ರಶ್ನೆ ಕೇಳ್ತಾರ. ತಿದ್ದೋದು ನೀವೇ. ಮಾರ್ಕ್ಸ್ ಇಲ್ಲ, ಬೈಗುಳ ಇಲ್ಲ.

"ಅವೆಲ್ಲ ರೊಕ್ಕ ಇದ್ದವರ ಕಾಲೇಜು" ಅಂತೀರಿ. ಖರೆ. ಆದ್ರ ಕನ್ನಡಕ್ಕ ಇದು ಹೊಸದೇನಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ನಾಟಕ' ಪತ್ರಿಕೆ ತಂದ್ರು. ಒಂದು ಕಾಲೇಜಿನ ಸಂಘದ ಕೆಲಸ ಅದು. ಮುಂದೆ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಮೇಷ್ಟ್ರು ಕನ್ನಡ ಸಂಘ ಕಟ್ಟಿ, ಬೇಂದ್ರೆ ಹೆಸರಲ್ಲಿ ಕವಿತೆ ಸ್ಪರ್ಧೆ, ಅ.ನ.ಕೃ. ಹೆಸರಲ್ಲಿ ಕಥೆ ಸ್ಪರ್ಧೆ ನಡೆಸಿದ್ರು, ಅದೂ ಕಾಲೇಜು ಹುಡುಗ ಹುಡುಗಿಯರಿಗಂತಲೇ.

ಕುವೆಂಪು ಕಥೆ ನಿಮಗ ಗೊತ್ತೇ ಅದ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತಮ್ಮ ಇಂಗ್ಲಿಷ್ ಕವಿತೆ ತೋರಿಸಿದ್ರು. ಅವರು ಓದಿ, ನಿನ್ನ ಭಾಷೆಯಲ್ಲಿ ಬರಿ ಅಂದ್ರು. ಶಾಲೆಯಲ್ಲಿ ಇದನ್ನ ಭಾಷಾಭಿಮಾನದ ಪಾಠ ಅಂತ ಹೇಳಿಕೊಟ್ರು. ನನಗ ಈಗ ಬೇರೆನೇ ಕಾಣ್ತದ. ನಮ್ಮದೇ ವಯಸ್ಸಿನ ಒಬ್ಬ ಹುಡುಗ ಹಾಳೆ ತಗೊಂಡು ಹೋದ, ದೊಡ್ಡವರೊಬ್ಬರು ಅದನ್ನ ಕೂತು ಓದಿದ್ರು. ಓದದೇ "ಚೆನ್ನಾಗಿದೆ, ಕೀಪ್ ಇಟ್ ಅಪ್" ಅಂದಿದ್ರ?

ಇನ್ನ ನಮ್ಮ ಪಕ್ಕದ ಬಸವಕಲ್ಯಾಣ. ಅನುಭವ ಮಂಟಪದ ಹೆಸರು ಹೇಳಿ ಭಾಷಣ ಮಾಡದ ಕಾಲೇಜು ನಮ್ಮ ಕಡೆ ಇಲ್ಲ. ಆದ್ರ ಅಲ್ಲಿ ಏನ್ ನಡೀತಿತ್ತು? ಅಕ್ಕಮಹಾದೇವಿ ಬಂದಾಗ ಅಲ್ಲಮ ಹಾರ ಹಾಕಿ ಒಳಗ ಕರೀಲಿಲ್ಲ, ಪ್ರಶ್ನೆ ಮ್ಯಾಲೆ ಪ್ರಶ್ನೆ ಕೇಳಿದ ಅಂತ 'ಶೂನ್ಯಸಂಪಾದನೆ' ಹೇಳ್ತದ. ಬಟ್ಟೆ ಒಗೆಯೋ ಮಾಚಯ್ಯ, ದೋಣಿ ನಡೆಸೋ ಚೌಡಯ್ಯ, ಅಕ್ಕಿ ಆಯೋ ಲಕ್ಕಮ್ಮ, ಇವರ್‍ಯಾರೂ ಸಾಹಿತ್ಯದ ಡಿಗ್ರಿ ಮಾಡಿದವರಲ್ಲ. ಮಾತಾಡಿದ್ರ ಕೇಳೋರಿದ್ರು, ಕೇಳಿ ತಿರುಗಿ ಕೇಳೋರೂ ಇದ್ರು.

(3/3)
ಅವಕಾಶ ಇಲ್ಲ ಅಂತ ನಾನು ಅನ್ನಂಗಿಲ್ಲ. ಪ್ರಜಾವಾಣಿ ದೀಪಾವಳಿ ಸಂಚಿಕೆಗೆ ಕಥೆ ಕಳಿಸಬಹುದು. ಕನ್ನಡ ಪುಸ್ತಕ ಪ್ರಾಧಿಕಾರ ಹೊಸ ಬರಹಗಾರರ ಮೊದಲ ಪುಸ್ತಕಕ್ಕ ಸಹಾಯಧನ ಕೊಡ್ತದ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಪಿಎಂ-ಯುವ ಯೋಜನೆಯಲ್ಲಿ 30 ವರ್ಷದೊಳಗಿನವರಿಗೆ ತಿಂಗಳಿಗೆ 50,000 ರೂಪಾಯಿಯಂತೆ ಆರು ತಿಂಗಳು, ಕನ್ನಡದಾಗ ಬರೆಯೋರಿಗೂ. ಆದ್ರ ಇವೆಲ್ಲ ಆಗಲೇ ಬರೆಯೋಕೆ ಬರೋರಿಗೆ. ಅಲ್ಲಿ ತನಕ ಹೋಗೋ ಮೆಟ್ಟಿಲೇ ನಮ್ಮ ಕಾಲೇಜಿನಾಗ ಇಲ್ಲ. ಮ್ಯಾಗಜಿನ್‌ಗೆ ಲೇಖನ ಕೊಡ್ರಿ ಅಂತ ಕೊನೇ ವಾರ ನೋಟಿಸ್ ಹಚ್ತಾರ, ಗೂಗಲ್‌ನಿಂದ ಇಳಿಸಿದ ಕವನನೂ ಹಂಗೇ ಅಚ್ಚಾಗ್ತದ.

ನಮಗ ಇನ್ನೊಂದು ತೊಂದರೆ ಅದ. ಮನ್ಯಾಗ ದಖನಿ, ಇಲ್ಲಾ ಮರಾಠಿ, ಇಲ್ಲಾ ನಮ್ಮ ಬೀದರ್ ಕನ್ನಡ. ಹಾಳೆ ಮ್ಯಾಲೆ 'ಅದ' ಅಂತ ಬರೆದ್ರ ತಪ್ಪು, 'ಇದೆ' ಅಂತ ಬರೀಬೇಕು. ಹಿಂಗಾಗಿ ಹುಡುಗರು ಬರೆಯೋದೇ ಬಿಡ್ತಾರ. ದೇವನೂರ ಮಹಾದೇವ ತಮ್ಮ ಕಡೆ ಮಾತಿನಾಗೇ 'ಕುಸುಮಬಾಲೆ' ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡ್ರು. ಕಥೆಯಾಗ 'ಅದ' ಇರ್ಲಿ, ಅರ್ಜಿಯಾಗ 'ಇದೆ' ಇರ್ಲಿ. ಎಲ್ಲಿ ಯಾವುದು ಅಂತ ಪಕ್ಕ ಕೂತು ಹೇಳೋರು ಬೇಕು.

ಎಐಗೆ ಹೇಳಿದ್ರ ಬರ್ಕೊಡ್ತದಲ್ಲ ಅಂತ ದೋಸ್ತ ಒಬ್ಬ ಅಂದ. ಬರ್ಕೊಡ್ತದ. ಅದೇ "ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ"ನ ಇನ್ನೂ ಚಂದ ಮಾಡಿ ಕೊಡ್ತದ. ಸರ್ವೆ ನಂಬರ್ ಬಿಟ್ಟೀನಿ ಅಂತ ನನಗೇ ಗೊತ್ತಿಲ್ದಾಗ ನಾನು ಅದಕ್ಕ ಏನಂತ ಹೇಳ್ಲಿ?

2023ರಲ್ಲಿ ನಮ್ಮ ಜಿಲ್ಲೆಗೇ ಬೀದರ್ ವಿಶ್ವವಿದ್ಯಾಲಯ ಬಂತು. ಹೊಸ ಯೂನಿವರ್ಸಿಟಿ, ಹಳೇ ರೂಢಿಗಳ ಭಾರ ಕಡಿಮೆ. ಅದರ ಕೆಳಗಿನ ಪ್ರತಿ ಕಾಲೇಜಿನಾಗ ವಾರಕ್ಕ ಎರಡು ತಾಸು, ಒಂದು ಟೇಬಲ್, ಒಬ್ಬರು ಮೇಷ್ಟ್ರು, ಇಬ್ಬರು ಸೀನಿಯರ್. ಬಿಲ್ಡಿಂಗ್ ಬ್ಯಾಡ, ಉದ್ಘಾಟನೆ ಬ್ಯಾಡ, ಶಾಲು ಹಾರ ಅಂತೂ ಬ್ಯಾಡೇ ಬ್ಯಾಡ. ಕಥೆ ತರೋರು ಕಥೆ ತರ್ಲಿ, ಸ್ಕಾಲರ್‌ಶಿಪ್ ಅರ್ಜಿ ತರೋರು ಅರ್ಜಿ ತರ್ಲಿ.

ಅದು ಬರೋ ತನಕ ಕಾಯೋದು ಬ್ಯಾಡ. ಈ ಶನಿವಾರ ಕ್ಲಾಸ್ ಮುಗಿದ ಮ್ಯಾಲೆ ಲೈಬ್ರರಿ ಹೊರಗಿನ ಬೆಂಚಿನ ಮ್ಯಾಲೆ ಕೂತಿರ್ತೀನಿ. ಒಂದು ಪುಟ ಬರ್ಕೊಂಡು ಬರ್ರಿ, ಒಂದೇ ಪುಟ. ನಾನು ಅಪ್ಪನ ಅರ್ಜಿ ಎರಡನೇ ಸಲ ಬರ್ದೀನಿ, ಇನ್ನೂ ಕೊಟ್ಟಿಲ್ಲ. ಮೊದಲು ಅದನ್ನ ಓದಿ ಹೇಳ್ರಿ.