ಕೆಟ್ಟದ್ದು ಕಡತವೋ, ಕನ್ನಡಕವೋ?

ಒಂದು ಕಾಲಕ್ಕೆ ಪ್ರತಿಯೊಂದು ಬೀದಿಗೂ ರೇಡಿಯೋ ರಿಪೇರಿ ಬಲ್ಲ ಒಬ್ಬ ಮಹನೀಯರು ಇರುತ್ತಿದ್ದರು. ಹೊಲಿಗೆಯ ಯಂತ್ರ ನೂಲು ಹರಿಯತೊಡಗಿದರೆ, ಗೋಡೆಯ ಗಡಿಯಾರ ಹೊತ್ತಲ್ಲದ ಹೊತ್ತಿನಲ್ಲಿ ಹನ್ನೆರಡು ಬಾರಿಸಿದರೆ, ಮನೆಮಂದಿಗೆ ಅಂಗಡಿಗಿಂತ ಮೊದಲು ಅವರ ನೆನಪಾಗುತ್ತಿತ್ತು. ಆ ಪೀಠವೀಗ ಕಂಪ್ಯೂಟರ್ ಬಲ್ಲವರಿಗೆ ಸಂದಿದೆ. ಬೆಂಗಳೂರಿನ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಅಂಥ ಪೀಠವನ್ನು ಬಯಸದೆಯೇ ಏರಿರುವವರು ಎಪ್ಪತ್ತು ದಾಟಿದ ನಿವೃತ್ತ ಇಂಜಿನಿಯರೊಬ್ಬರು. ಬಂದವರಿಂದ ಅವರು ಹಣ ಕೇಳುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: "ಇದು ಸರಿಯಾಗಿದ್ದ ದಿನಕ್ಕೂ ಕೆಟ್ಟ ದಿನಕ್ಕೂ ನಡುವೆ ಏನು ಬದಲಾಯಿತು?"

"ಏನೂ ಇಲ್ಲ ಸಾರ್, ತಾನಾಗಿಯೇ ಹೀಗಾಯಿತು" ಎಂಬುದು ಎಲ್ಲರ ಉತ್ತರ. ಇಂಜಿನಿಯರರು ನಸುನಕ್ಕು ಸುಮ್ಮನಾಗುತ್ತಾರೆ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಬಂದವರೇ ನಿಜವನ್ನು ನೆನಪಿಸಿಕೊಂಡು ಹೇಳುವರೆಂಬುದು ಅವರ ಅನುಭವ.

ಬರುವ ದೂರುಗಳಲ್ಲಿ ಬಹುಪಾಲು ಯಂತ್ರವನ್ನು ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ನಡೆಯಿಸಿದರೆ ತೀರುವಂಥವು. ಇದನ್ನು ಕೇಳಿ ಜನ ನಗುತ್ತಾರೆ. ನಗಬೇಕಾಗಿಲ್ಲ. ಬೋಯಿಂಗ್ 787 ವಿಮಾನದ ವಿದ್ಯುಜ್ಜನಕಗಳನ್ನು ಆಳುವ ಘಟಕಗಳಿಗೆ 248 ದಿನ ಎಡೆಬಿಡದೆ ವಿದ್ಯುತ್ತು ಹರಿಯುತ್ತಿದ್ದರೆ, ಅವುಗಳೊಳಗಿನ ಎಣಿಕೆ ಉಕ್ಕಿ, ಎಲ್ಲವೂ ಒಟ್ಟಿಗೆ ಕೆಲಸ ನಿಲ್ಲಿಸಬಹುದೆಂದು 2015ರಲ್ಲಿ ತಿಳಿದುಬಂದಾಗ, ಅಮೆರಿಕದ ವಿಮಾನಯಾನ ಇಲಾಖೆ ಕೂಡಲೇ ವಿಧಿಸಿದ ಚಿಕಿತ್ಸೆಯೂ ಇದೇ ಆಗಿತ್ತು: ಆಗಾಗ ವಿದ್ಯುತ್ತನ್ನು ಕಡಿದು ಮತ್ತೆ ಕೊಡುವುದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಎಷ್ಟೋ ಯಂತ್ರಗಳಲ್ಲಿ 'ಶಟ್ ಡೌನ್' ಎಂದರೆ ಪೂರ್ಣ ನಿಲುಗಡೆಯಲ್ಲ. ಮರುದಿನ ಬೇಗ ಏಳುವ ಸಲುವಾಗಿ ಯಂತ್ರ ತನ್ನ ಒಳಮನಸ್ಸಿನ ಒಂದು ಭಾಗವನ್ನು ಹಾಗೆಯೇ ಡಿಸ್ಕಿನ ಮೇಲೆ ಬರೆದಿಟ್ಟುಕೊಂಡು ಮಲಗುತ್ತದೆ. ನಿನ್ನೆಯ ಗೊಂದಲ ಅದರೊಡನೆಯೇ ಮಲಗಿ ಅದರೊಡನೆಯೇ ಏಳುತ್ತದೆ. 'ರೀಸ್ಟಾರ್ಟ್' ಎಂಬ ಆಜ್ಞೆ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಪ್ರತಿರಾತ್ರಿ ತಪ್ಪದೆ ಯಂತ್ರವನ್ನು ಆರಿಸುವ ಶಿಸ್ತುಗಾರರಿಗೇ ಈ ತೊಂದರೆ ಹೆಚ್ಚೆಂಬುದು ಇಂಜಿನಿಯರರಿಗೆ ಒಂದು ವಿನೋದ.

ಎದುರುಮನೆಯ ವೃದ್ಧರೊಬ್ಬರಿಗೆ ಬ್ಯಾಂಕಿನ ಪುಟ ತೆರೆಯದಾಗಿತ್ತು. 'ಈ ತಾಣ ಸುರಕ್ಷಿತವಲ್ಲ' ಎಂದು ಯಂತ್ರ ಹಟ ಹಿಡಿದಿತ್ತು. ಬ್ಯಾಂಕು ಮುಳುಗಿತೆಂದೇ ಅವರ ಭೀತಿ. ಇಂಜಿನಿಯರರು ಪರದೆಯ ಮೂಲೆಯಲ್ಲಿದ್ದ ದಿನಾಂಕವನ್ನು ಮಾತ್ರ ನೋಡಿದರು. ಅದು ಹತ್ತಾರು ವರ್ಷ ಹಿಂದಕ್ಕೆ ಹೋಗಿತ್ತು. ಬ್ಯಾಂಕಿನ ಪುಟವು ತೋರಿಸುವ ಗುರುತಿನ ಚೀಟಿಗೆ ಇಂಥ ದಿನದಿಂದ ಇಂಥ ದಿನದವರೆಗೆಂಬ ಅವಧಿಯಿರುತ್ತದೆ. ಯಂತ್ರದ ಗಡಿಯಾರ ಹಿಂದೆ ಬಿದ್ದರೆ ಆ ಚೀಟಿ ಇನ್ನೂ ಹುಟ್ಟಿಯೇ ಇಲ್ಲವೆಂದು ಅದು ಭಾವಿಸುತ್ತದೆ. ಮೇಜಿನ ಕಂಪ್ಯೂಟರುಗಳಲ್ಲಿ ವಿದ್ಯುತ್ತಿಲ್ಲದಾಗಲೂ ಗಡಿಯಾರ ನಡೆಯಿಸುವುದಕ್ಕೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದರ ಮೇಲೆ 2032 ಎಂದಿರುವುದು. ಅಂದರೆ 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ. ಅದನ್ನು ಬದಲಿಸಿ ದಿನಾಂಕ ತಿದ್ದಿದ ಮೇಲೆ ಬ್ಯಾಂಕು ಮತ್ತೆ ತೇಲಿತು.

ಇವೆಲ್ಲ ಕಾಫಿಯ ಹೊತ್ತಿನ ಕೆಲಸಗಳು. ಇಂಜಿನಿಯರರಿಗೆ ಎರಡು ವಾರ ಹಿಡಿದ ಕೆಲಸವೊಂದನ್ನು ತಂದವರು ಪ್ರೌಢಶಾಲೆಯ ಉಪಾಧ್ಯಾಯಿನಿಯೊಬ್ಬರು. ಆಕೆಯ ಕೈಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕರವಸ್ತ್ರದಲ್ಲಿ ಕಟ್ಟಿದ ಒಂದು ಪೆನ್ ಡ್ರೈವ್ ಮಾತ್ರ ಇತ್ತು.

ಆಕೆಯ ತಂದೆ ಸಾಗರದ ಕಡೆಯವರು, ಅಂಚೆ ಇಲಾಖೆಯಲ್ಲಿದ್ದವರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಏರಿದಾಗ ಅವರಿನ್ನೂ ತರುಣರು. ಊರುಗಳು ಚದುರಿದುವು, ಹೋದವರ ಹೆಸರಿಗೆ ಕಾಗದಗಳು ಬರುವುದು ಮಾತ್ರ ನಿಲ್ಲಲಿಲ್ಲ. ಯಾವ ಮನೆಯವರು ಯಾವ ಊರಿಗೆ ಹೋದರೆಂದು ಅವರು ತಮಗಾಗಿ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಹೊಸ ವಿಳಾಸ ಬರೆದು ಕಾಗದಗಳನ್ನು ಮುಂದಕ್ಕೆ ಕಳುಹಿಸುತ್ತಿದ್ದರಂತೆ. ನಿವೃತ್ತರಾದ ಮೇಲೆ, ಮೊಮ್ಮಗನಿಂದ ಟೈಪು ಮಾಡಲು ಕಲಿತು, ಆ ನೆನಪುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಕೈಬರಹದ ಪುಸ್ತಕ ಗೆದ್ದಲಿಗೆ ಹೋಯಿತು. ತಂದೆಯೂ ಹೋದರು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಮನೆಯ ಹುಡುಗರು ಕಡತವನ್ನು ಪೆನ್ ಡ್ರೈವಿಗೆ ಇಳಿಸಿಕೊಂಡರು. ವರ್ಷಾಬ್ದಿಕದ ಹೊತ್ತಿಗೆ ಅಚ್ಚು ಹಾಕಿಸಿ ಬಂಧುಗಳಿಗೂ, ಆ ಊರುಗಳಿಂದ ಹೊರಟ ಮನೆಗಳವರಿಗೂ ಹಂಚಬೇಕೆಂದು ಮಗಳು ಅದನ್ನು ತೆರೆದು ನೋಡಿದರೆ ಒಂದಾದರೂ ಕನ್ನಡ ಅಕ್ಷರವಿಲ್ಲ. ಉದ್ದಕ್ಕೂ ಇಂಗ್ಲಿಷ್ ಅಕ್ಷರಗಳ, ಕೊಂಬುಬಾಲದ ಚಿಹ್ನೆಗಳ ರಾಶಿ.

"ವೈರಸ್ ತಿಂದಿದೆ ಮೇಡಂ, ಡ್ರೈವನ್ನು ಫಾರ್ಮ್ಯಾಟ್ ಮಾಡಿ ಕೊಡಲೇ? ಅದಾದರೂ ಉಪಯೋಗಕ್ಕೆ ಬರುತ್ತದೆ" ಎಂದು ಅಂಗಡಿಯ ಹುಡುಗ ಕೇಳಿದ್ದ. ಆಕೆ ಒಪ್ಪುವುದರಲ್ಲಿದ್ದರು. ಆದರೆ ಉತ್ತರಪತ್ರಿಕೆಗಳನ್ನು ತಿದ್ದಿ ಪಳಗಿದ ಕಣ್ಣು ಒಂದು ಸಂಗತಿಯನ್ನು ಗಮನಿಸಿತ್ತು: ಪ್ಯಾರಾಗಳೆಲ್ಲ ಅಲ್ಲಲ್ಲೇ ಇವೆ. ಪೂರ್ಣವಿರಾಮಗಳು ಇವೆ. 1964 ಎಂಬ ಅಂಕಿಯೂ ಇದೆ. ತಿನ್ನುವ ಪ್ರಾಣಿ ಇಷ್ಟು ಅಚ್ಚುಕಟ್ಟಾಗಿ ತಿನ್ನೀತೆ?

ಇಂಜಿನಿಯರರು ಕಡತವನ್ನು ತೆರೆಯುವ ಮೊದಲು ಅದರ ನಕಲನ್ನು ಎರಡು ಕಡೆ ಇಟ್ಟರು. ಇದು ಅವರ ವ್ರತ. ಇದರ ಹಿಂದೊಂದು ನೋವಿದೆ. ಅವರ ತಾಯಿ ಹಾಡಿದ ಹಸೆಯ ಹಾಡುಗಳು ಒಂದು ಡಿಸ್ಕಿನಲ್ಲಿದ್ದುವು. ವೈರಸ್ ಹೊಕ್ಕಿತೆಂದು ಅವರೇ ಒಂದು ಸಂಜೆ ಆ ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬಿದರು. ಅಳಿಸಿದ ಮಾತ್ರಕ್ಕೆ ಬರಹ ಒಡನೆಯೇ ಅಳಿಯಬೇಕೆಂದೇನೂ ಇಲ್ಲ, ಆ ಜಾಗದ ಮೇಲೆ ಮತ್ತೊಂದು ಬರೆದಾಗಲೇ ನಿಜವಾಗಿ ಹೋಗುವುದು ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ತಿಳಿದೂ ಅವಸರ ಮಾಡಿದ್ದರು. ಹಾಡುಗಳ ನೆನಪಾದದ್ದು ಮೂರನೆಯ ದಿನ. ಈ ಕಥೆಯನ್ನು ಅವರು ಎಲ್ಲರಿಗೂ ಹೇಳುವುದಿಲ್ಲ. ಆ ಉಪಾಧ್ಯಾಯಿನಿಗೆ ಹೇಳಿದರು.

ಆಮೇಲೆ ಪುಟವನ್ನು ತೆರೆದು ಅರೆಗಳಿಗೆ ನೋಡಿ, "ಅಮ್ಮಾ, ನಿಮ್ಮ ತಂದೆಯವರು ಬರೆದದ್ದು ಇಲ್ಲೇ ಇದೆ. ಒಂದಕ್ಷರವೂ ಹೋಗಿಲ್ಲ" ಎಂದರು.

ಅವರಿಗೆ ಅದು ಹೇಗೆ ತಿಳಿಯಿತೆಂಬುದನ್ನು ವಾಚಕರೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಇಂಥ ಕಡತಗಳು ಅನೇಕರ ಮನೆಗಳಲ್ಲಿ ಇರಬಹುದು. ಪುಟದ ತುಂಬ ಒಂದೇ ಅಕ್ಷರ ಮತ್ತೆ ಮತ್ತೆ ಕಾಣಿಸುತ್ತಿತ್ತು: ನೆತ್ತಿಯ ಮೇಲೊಂದು ಓರೆಗೆರೆ ಹೊತ್ತ ದೊಡ್ಡ 'ಎ'. ಅದು ಕನ್ನಡದ ತಲೆಕಟ್ಟು!

ಗಣಕಯಂತ್ರ ಅಕ್ಷರಗಳನ್ನು ಕಾಣದು. ಅದು ಇಟ್ಟುಕೊಳ್ಳುವುದು ಸಂಖ್ಯೆಗಳನ್ನು. ಒಂದೊಂದು ಚಿಹ್ನೆಗೆ ಒಂದೊಂದು ಸಂಖ್ಯೆಯೆಂಬ ಹಳೆಯ ಏರ್ಪಾಟಿನಲ್ಲಿ ಒಟ್ಟು 256 ಸ್ಥಾನಗಳು ಮಾತ್ರ, ಅವೂ ಬಹುಮಟ್ಟಿಗೆ ಯುರೋಪಿನ ಭಾಷೆಗಳಿಗೆ ಮೀಸಲು. ಕಾಗುಣಿತ, ಒತ್ತಕ್ಷರಗಳು ಸೇರಿದರೆ ಕನ್ನಡಕ್ಕೆ ಸಾವಿರಾರು ರೂಪಗಳು ಬೇಕು. ಆದುದರಿಂದ 1998ರಲ್ಲಿ ಬಂದ 'ಬರಹ', ಅದರ ತರುವಾಯ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಮೊದಲಾದ ತಂತ್ರಾಂಶಗಳು ಅಚ್ಚುಕೂಟದವರು ಮೊಳೆ ಜೋಡಿಸುವ ಉಪಾಯವನ್ನೇ ಹಿಡಿದುವು. ಅಕ್ಷರವನ್ನು ಒಡಲು, ತಲೆಕಟ್ಟು, ಒತ್ತು ಎಂದು ತುಂಡುಮಾಡಿ, ಒಂದೊಂದು ತುಂಡನ್ನು ಒಂದೊಂದು ಪರಕೀಯ ಅಕ್ಷರದ ಮನೆಯಲ್ಲಿ ಬಾಡಿಗೆಗೆ ಇರಿಸಿದುವು. 'ಕನ್ನಡ' ಎಂಬ ಪದವನ್ನೇ ನೋಡಿರಿ. ನುಡಿಯ ಫಾಂಟು ಇಲ್ಲದ ಯಂತ್ರದಲ್ಲಿ ಅದು ಹೀಗೆ ಕಾಣುತ್ತದೆ: ದೊಡ್ಡ 'ಪಿ', ಓರೆಗೆರೆಯ 'ಎ', ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಅದೇ 'ಎ', ಜರ್ಮನರ ಜೋಡಿ 'ಎಸ್', ಚಿಕ್ಕ 'ಕ್ಯೂ', ಮತ್ತೊಮ್ಮೆ ಅದೇ 'ಎ'. 'ಪಿ' ಎಂಬುದು ತಲೆಕಟ್ಟಿಲ್ಲದ ಕಕಾರ, ಪೌಂಡು ನಕಾರ, ಜರ್ಮನ್ ಅಕ್ಷರ ನಕಾರದ ಒತ್ತು, 'ಕ್ಯೂ' ಡಕಾರ. ಫಾಂಟು ಎಂಬ ಕನ್ನಡಕ ಹಾಕಿಕೊಂಡರೆ ಕನ್ನಡ, ತೆಗೆದರೆ ಗೊಂದಲ. ತಂದೆಯವರ ಯಂತ್ರದಲ್ಲಿ ಆ ಕನ್ನಡಕವಿತ್ತು. ಮಗಳ ಯಂತ್ರದಲ್ಲಿ ಇರಲಿಲ್ಲ.

ಇಂಥ ಕಡತ ಕಂಡಾಗ ಮಾಡಬಾರದ ಕೆಲಸವೆಂದರೆ ಅದನ್ನು ಕೈಯಿಂದ ತಿದ್ದಲು ಹೊರಡುವುದು. ಟೈಪು ಮಾಡುವಾಗ ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಉಪಕಾರಬುದ್ಧಿ ಅನೇಕ ತಂತ್ರಾಂಶಗಳಿಗಿದೆ. ಆ ಏರ್ಪಾಟಿನಲ್ಲಿ ಚಿಕ್ಕ 'ಕ್ಯೂ' ಡಕಾರವಾದರೆ ದೊಡ್ಡ 'ಕ್ಯೂ' 'ಕಿ' ಆಗುತ್ತದೆ. ಉಪಕಾರವೇ ಅಪಕಾರವಾಗುವುದು ಹೀಗೆ. ನಕಲು ತೆಗೆದು, ಹಳೆಯ ಫಾಂಟನ್ನು ಯಂತ್ರಕ್ಕೆ ಸೇರಿಸಿ, ಬರಹವನ್ನು ಪೂರ್ತಿ ಆರಿಸಿ ಆ ಫಾಂಟನ್ನು ಹಚ್ಚಿದರೆ ಸಾಕು.

ಇಂಜಿನಿಯರರು ಅಷ್ಟನ್ನೇ ಮಾಡಿದರು. ಪರದೆಯ ಮೇಲೆ ಮೊದಲ ಪುಟ ಕನ್ನಡವಾಗಿ ನಿಂತಿತು. ಉಪಾಧ್ಯಾಯಿನಿ ಓದಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಇಂಜಿನಿಯರರು ಕಾಫಿಯ ನೆಪದಲ್ಲಿ ಒಳಗೆ ಹೋದರು.

ಆದರೆ ಫಾಂಟು ಹಚ್ಚುವುದು ಇಂದಿನ ಪರಿಹಾರವೇ ಹೊರತು ಮುಂದಿನದಲ್ಲ. ನಾಳೆ ಇನ್ನೊಂದು ಯಂತ್ರದಲ್ಲಿ ಅದೇ ಗೋಳು. ಬರಹವನ್ನು ಯೂನಿಕೋಡಿಗೆ ಸಾಗಿಸಬೇಕು. 1991ರ ಮೊದಲ ಆವೃತ್ತಿಯಿಂದಲೇ ಅಲ್ಲಿ ಕನ್ನಡಕ್ಕೆ ಸ್ವಂತ ಮನೆಯಿದೆ: 'ಕ' ಎಂಬುದಕ್ಕೆ 3221 ಎಂಬ ಸಂಖ್ಯೆ, ಅದು ಬೇರೆ ಯಾವ ಭಾಷೆಯದೂ ಅಲ್ಲ. 'ಕನ್ನಡ' ಎಂಬುದಕ್ಕೆ ಅಲ್ಲಿ ಏಳು ತುಂಡುಗಳ ಬದಲು ಐದೇ ಸಂಖ್ಯೆಗಳು. ಈ ಸಾಗಣೆಗೆ ಉಚಿತ ಪರಿವರ್ತಕಗಳಿವೆ. ಆದರೆ ಅವು ಸರ್ವಜ್ಞರಲ್ಲ. ಹಳೆಯ ಏರ್ಪಾಟು ಕಣ್ಣಿಗೆ ಕಂಡಂತೆ ಬರೆದದ್ದು, ಅಂದರೆ 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಕೊನೆಗೆ ಬರುತ್ತದೆ. ಯೂನಿಕೋಡು ನಾಲಗೆಯಲ್ಲಿ ನುಡಿದಂತೆ, ರೇಫವನ್ನು ಮಕಾರಕ್ಕಿಂತ ಮುಂದೆ ಇಡುತ್ತದೆ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಎಲ್ಲೋ ಒಮ್ಮೆ ಎಡವುತ್ತದೆ.

ಆದಕಾರಣ ಕರಡು ತಿದ್ದುವುದು ಅನಿವಾರ್ಯವಾಯಿತು. ಉಪಾಧ್ಯಾಯಿನಿ ಎರಡು ವಾರ ರಾತ್ರಿ ಕುಳಿತು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ಸಂದೇಹಗಳನ್ನು ಗುರುತು ಮಾಡಿಕೊಂಡು ಭಾನುವಾರ ಬರುತ್ತಿದ್ದರು. ಮನೆಗಳ ಹೆಸರು, ಹೋದ ಊರುಗಳ ಹೆಸರು ಒಂದೂ ತಪ್ಪಬಾರದೆಂಬುದು ಆಕೆಯ ಹಟ.

ಕೊನೆಯ ಭಾನುವಾರ ಆಕೆ ತಂದದ್ದು ಒಂದೇ ವಾಕ್ಯ. "ಅರ್ದ ಊರು ನೀರಿನಲ್ಲಿತ್ತು, ಅರ್ದ ಊರು ದಾರಿಯಲ್ಲಿತ್ತು." ಎರಡು ಕಡೆಯೂ ಮಹಾಪ್ರಾಣವಿಲ್ಲ. "ಇದು ಪರಿವರ್ತಕದ ತಪ್ಪೇ ಇರಬೇಕು ಸಾರ್, ತಿದ್ದಿಬಿಡಲೇ?"

ಇಂಜಿನಿಯರರು ಹಳೆಯ ಕಡತದ ಫಾಂಟನ್ನು ತೆಗೆದು, ಅದರ ಕಚ್ಚಾ ರೂಪವನ್ನೇ ನೋಡಿದರು. ಆ ಏರ್ಪಾಟಿನಲ್ಲಿ ದಕಾರ ಚಿಕ್ಕ 'ಜೆಡ್'. ಮಹಾಪ್ರಾಣವಾದರೆ ಅದರ ಮಗ್ಗುಲಲ್ಲಿ ಚಿಕ್ಕ 'ಎಸ್' ಸೀಳಾಗಿ ನಿಲ್ಲಬೇಕು. ಇಲ್ಲಿ 'ಎಸ್' ಇಲ್ಲ. ಮೇಲಿನ ಸಾಲಿನ 'ಧೂಳು' ಎಂಬಲ್ಲಿ ಇದೆ. ಕಡತವನ್ನೆಲ್ಲ ಹುಡುಕಿದರು. 'ಧೂಳು', 'ಧೈರ್ಯ', 'ಗಂಧ' ಎಲ್ಲವೂ ಸರಿಯಾಗಿವೆ. 'ಅರ್ಧ' ಬಂದ ಹದಿನಾಲ್ಕು ಕಡೆಯೂ ಅದು 'ಅರ್ದ'ವೇ.

"ಯಂತ್ರ ತಪ್ಪಿದ್ದರೆ ಎಲ್ಲ ಕಡೆಯೂ ತಪ್ಪುತ್ತಿತ್ತು" ಎಂದರು ಇಂಜಿನಿಯರರು. "ಇದು ನಿಮ್ಮ ತಂದೆಯವರ ಬರವಣಿಗೆ."

ಉಪಾಧ್ಯಾಯಿನಿ ಸ್ವಲ್ಪ ಹೊತ್ತು ಆ ಪದವನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ಕೈ ಆಕೆಯದು. ಆಕೆ ತಮ್ಮ ಕರಡಿನಲ್ಲಿ ಹಾಕಿದ್ದ ಕೆಂಪು ಗುರುತುಗಳನ್ನು ಒಂದೊಂದಾಗಿ ಹುಡುಕಿ, ಹದಿನಾಲ್ಕನ್ನೂ ರಬ್ಬರಿನಿಂದ ಅಳಿಸಿದರು.