ಕೋಚ್‌ಗಳ ಜಾತಕ ಸಾಕು

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜದ ಕಾಲೇಜು ಫುಟ್‌ಬಾಲ್ ತಂಡಗಳ ಭವಿಷ್ಯವನ್ನು ಕೋಚ್‌ಗಳ ಜಾತಕ ನೋಡಿ ಹೇಳಿದ ನಿಮ್ಮ ಲೇಖಕರು ಕೊಲ್ಲಾಪುರದ ಪೇಠೆಗಳಿಗೆ ಕಾಲಿಟ್ಟಂತಿಲ್ಲ. ಅಲ್ಲಿ ಆಟಗಾರ ಕಾಲೇಜಿಗಿಂತ ಮೊದಲು ತಾಲೀಮಿನವನು, ಅಂದರೆ ಪೇಠೆಯ ಗರಡಿಮನೆಯವನು. ಪಾಟಾಕಡೀಲ, ಖಂಡೋಬಾ, ದಿಲಬಹಾರ್: ಶಾಹು ಸ್ಟೇಡಿಯಮ್ಮಿಗೆ ಇಳಿಯುವ ಈ ತಂಡಗಳು ಇಂದಿಗೂ ಗರಡಿಮನೆಯ ಹೆಸರನ್ನೇ ಹೊತ್ತಿವೆ. ಕಾಲೇಜಿನ ಕೋಚ್‌ಗೆ ಸಿಗುವುದು ಅಲ್ಲಿ ಪಳಗಿದ ಕಾಲುಗಳು, ಅದೂ ಮೂರು ವರ್ಷದ ಮಟ್ಟಿಗೆ. ಗೆದ್ದರೆ ಶಾಲು ಮಾತ್ರ ಕೋಚ್‌ಗೇ, ಇರಲಿ ಬಿಡಿ! 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಕೊಲ್ಲಾಪುರದವರೇ. ಆದರೆ ಅವರನ್ನು ತಿದ್ದಿದ್ದು ಪುಣೆಯ ಕ್ರೀಡಾ ಪ್ರಬೋಧಿನಿ ಎಂಬ ತರಬೇತಿ ಸಂಸ್ಥೆ. ಎಳೆಯ ಹುಡುಗ ಊರು ಬಿಡದಂತೆ ಮೈದಾನ, ಊಟ, ತರಬೇತಿ ಕೊಡುವವರು ಈ ಮೂರು ಊರುಗಳಲ್ಲಿ ಯಾರು? ಲೇಖಕರು ಮುಂದಿನ ಸಲ ಅದನ್ನು ಹೋಲಿಸಿ ಬರೆಯಲಿ.