ಮರೆವಿನ ರೋಗ, ಮನೆಯ ಹಿರಿಯರು ಮತ್ತು ಮೊಹಲ್ಲಾದ ಹೊಣೆ

ಮನುಷ್ಯನ ಆಯುಸ್ಸಿನ ಕೊನೆಯ ಘಟ್ಟದ ಬಗ್ಗೆ ಪವಿತ್ರ ಕುರ್‌ಆನ್ ಯಾವುದನ್ನೂ ಮರೆಮಾಚುವುದಿಲ್ಲ. ಕೆಲವರು ಬದುಕಿನ ಅತ್ಯಂತ ದುರ್ಬಲ ಹಂತಕ್ಕೆ ಮರಳುತ್ತಾರೆ, ಒಂದು ಕಾಲಕ್ಕೆ ಎಲ್ಲವನ್ನೂ ತಿಳಿದಿದ್ದವರು ಏನನ್ನೂ ತಿಳಿಯದವರಾಗುತ್ತಾರೆ ಎಂಬ ಸತ್ಯವನ್ನು ಅನ್ನಹ್ಲ್ ಅಧ್ಯಾಯದ 70ನೇ ವಚನವೂ ಅಲ್ ಹಜ್ಜ್ ಅಧ್ಯಾಯದ 5ನೇ ವಚನವೂ ನಮ್ಮ ಮುಂದಿಡುತ್ತವೆ. ಇಂಥ ವೃದ್ಧಾಪ್ಯದಿಂದ ಪ್ರವಾದಿ ಮುಹಮ್ಮದರು(ಸ) ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದರೆಂದು ಸಹೀಹ್ ಬುಖಾರಿಯ ಹದೀಸ್‌ಗಳು ತಿಳಿಸುತ್ತವೆ. ಪ್ರವಾದಿಯವರೇ(ಸ) ಅಭಯ ಬೇಡಿದ ಸ್ಥಿತಿ ಅದು ಎಂದರೆ ಆ ಪರೀಕ್ಷೆ ಎಷ್ಟು ಕಠಿಣವಾದುದೆಂದು ಊಹಿಸಬಹುದು. ಆದರೆ ಅದು ಆ ವೃದ್ಧರೊಬ್ಬರದೇ ಪರೀಕ್ಷೆಯಲ್ಲ. ಅವರ ಸುತ್ತ ಇರುವ ಮಕ್ಕಳದೂ ನೆರೆಯವರದೂ ಜಮಾಅತ್‌ನದೂ ಹೌದು. ಆ ಪರೀಕ್ಷೆಯಲ್ಲಿ ನಾವು ಹೇಗೆ ನಡೆದುಕೊಳ್ಳುತ್ತಿದ್ದೇವೆ ಎಂದು ಕೇಳಿಕೊಳ್ಳುವ ಕಾಲ ಬಂದಿದೆ.

ಕನ್ನಡದಲ್ಲಿ ‘ಅರವತ್ತಕ್ಕೆ ಅರಳುಮರುಳು’ ಎಂಬ ಗಾದೆಯಿದೆ. ಈ ಗಾದೆ ನಗಿಸುತ್ತದೆ, ಆದರೆ ಒಂದು ದೊಡ್ಡ ತಪ್ಪು ತಿಳಿವಳಿಕೆಯನ್ನೂ ಬಿತ್ತುತ್ತದೆ. ಮುಪ್ಪು ಬಂದವರೆಲ್ಲರಿಗೂ ಬುದ್ಧಿ ಮಂಕಾಗುತ್ತದೆ, ಅದಕ್ಕೆ ಮಾಡುವಂಥದ್ದೇನೂ ಇಲ್ಲ ಎಂಬ ಭಾವನೆ ಅದು. ವೈದ್ಯವಿಜ್ಞಾನ ಹಾಗೆ ಹೇಳುವುದಿಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ಮುಪ್ಪಿನ ಸಹಜ ಮರೆವು. ಕನ್ನಡಕ ಯಾಕಿದೆ ಎಂಬುದೇ ತಿಳಿಯದೆ ಹೋಗುವುದು ರೋಗ. ಮೆದುಳಿನ ಜೀವಕೋಶಗಳು ಕ್ರಮೇಣ ನಶಿಸುವುದರಿಂದ ಬರುವ ಈ ಸ್ಥಿತಿಯನ್ನು ಡಿಮೆನ್ಶಿಯಾ ಎನ್ನುತ್ತಾರೆ. ಅದರ ಬಗೆಗಳಲ್ಲಿ ಹೆಚ್ಚು ಕಾಣಸಿಗುವುದು ಆಲ್‌ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ 1906ರಲ್ಲಿ ಇದನ್ನು ಮೊದಲ ಬಾರಿಗೆ ವಿವರಿಸಿದರು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ 5 ಕೋಟಿ 70 ಲಕ್ಷ ಜನರು ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದರು. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ರೋಗವಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ನೂರು ಮಂದಿ ಹಿರಿಯರಿರುವ ಮೊಹಲ್ಲಾದಲ್ಲಿ ಸರಾಸರಿ ಏಳು ಮಂದಿ! ನಮ್ಮ ಜುಮಾ ನಮಾಝಿನಲ್ಲಿ ಆ ಏಳು ಮಂದಿ ಕಾಣುತ್ತಾರೆಯೇ? ಕಾಣುವುದಿಲ್ಲವಾದರೆ ಅವರು ಎಲ್ಲಿದ್ದಾರೆ?

ಉತ್ತರ ನಮಗೆಲ್ಲ ತಿಳಿದದ್ದೇ. ಅವರು ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಅತಿಥಿಗಳು ಬಂದಾಗ ಆ ಕೋಣೆಯ ಬಾಗಿಲು ಮುಚ್ಚುತ್ತದೆ. ಮಗಳ ನಿಕಾಹ್ ಮಾತುಕತೆಯ ದಿನ ಅಜ್ಜಿಯನ್ನು ಬೇರೆ ಮನೆಗೆ ಕಳಿಸಲಾಗುತ್ತದೆ. ‘ಅವರಿಗೆ ಸ್ವಲ್ಪ ಸೌಖ್ಯವಿಲ್ಲ’ ಎಂಬ ಒಂದು ಮಾತಿನಲ್ಲಿ ಒಂದು ಇಡೀ ಬದುಕನ್ನು ಮುಚ್ಚಿಡಲಾಗುತ್ತದೆ. ಇದರ ಹಿಂದೆ ಕ್ರೌರ್ಯವಿದೆ ಎನ್ನಲಾರೆ. ಇರುವುದು ನಾಚಿಕೆ ಮತ್ತು ಭಯ. ‘ಜನ ಏನೆಂದಾರು’ ಎಂಬ ಭಯ. ಆ ಜನ ಎಂದರೆ ಯಾರು? ನಾವೇ ತಾನೆ? ಹಾಗಾಗಿ ಆ ಬಾಗಿಲನ್ನು ತೆರೆಯಿಸುವ ಹೊಣೆಯೂ ನಮ್ಮದೇ.

ನಾಚಿಕೆಯ ಜೊತೆಗೆ ಅಜ್ಞಾನವೂ ಸೇರುತ್ತದೆ. ಈ ರೋಗಿಗಳಲ್ಲಿ ಹಲವರಿಗೆ ಹೊತ್ತು ಮುಳುಗುವ ವೇಳೆಗೆ ತಳಮಳ ಹೆಚ್ಚುತ್ತದೆ. ತಮ್ಮದೇ ಮನೆಯಲ್ಲಿ ಕುಳಿತು ‘ನನ್ನನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಹಟ ಹಿಡಿಯುತ್ತಾರೆ. ಕೆಲವರಿಗೆ ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣುತ್ತವೆ. ವೈದ್ಯರಿಗೆ ಇವು ಚೆನ್ನಾಗಿ ಗೊತ್ತಿರುವ ರೋಗಲಕ್ಷಣಗಳು. ಆದರೆ ಮಗ್ರಿಬ್ ಹೊತ್ತಿಗೆ ಸರಿಯಾಗಿ ಶುರುವಾಗುವ ಈ ವರ್ತನೆಯನ್ನು ಕಂಡು ನಮ್ಮ ಎಷ್ಟೋ ಮನೆಗಳಲ್ಲಿ ಜಿನ್ನ್‌ನ ಉಪಟಳವೆಂದು ತೀರ್ಮಾನಿಸುತ್ತಾರೆ. ಆಮೇಲೆ ನೂಲು, ತಾಯತ, ಊರೂರು ಅಲೆದಾಟ. ಕೆಲವೆಡೆ ಬೈಗುಳ, ಹೊಡೆತ ಕೂಡ. ಜಿನ್ನ್‌ಗಳ ಅಸ್ತಿತ್ವ ನಮ್ಮ ವಿಶ್ವಾಸದ ಭಾಗವೇ. ಆದರೆ ಪ್ರತಿಯೊಂದು ರೋಗಕ್ಕೂ ಜಿನ್ನ್‌ನ ಹೆಸರಿಡುವುದು ವಿಶ್ವಾಸದ ಭಾಗವಲ್ಲ. ರೋಗ ಬಂದಾಗ ಚಿಕಿತ್ಸೆ ಪಡೆಯಿರೆಂದು ಪ್ರವಾದಿಯವರು(ಸ) ಸ್ಪಷ್ಟವಾಗಿ ಬೋಧಿಸಿದ್ದಾರೆ. ಕುರ್‌ಆನ್ ಪಾರಾಯಣ ಮಾಡಿ ದುಆ ಮಾಡೋಣ, ಜೊತೆಗೆ ವೈದ್ಯರ ಬಳಿಗೂ ಹೋಗೋಣ.

ಬೇಗನೆ ಹೋಗುವುದು ಬಹಳ ಮುಖ್ಯ. ಏಕೆಂದರೆ ಮರೆವೆಲ್ಲವೂ ಡಿಮೆನ್ಶಿಯಾ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಔಷಧಿಗಳ ಅಡ್ಡಪರಿಣಾಮ, ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆಯಿದೆ. ಎರಡೇ ದಿನಗಳಲ್ಲಿ ಹಿರಿಯರೊಬ್ಬರ ಬುದ್ಧಿ ಕದಡಿದಂತಾದರೆ ಅದು ಮೂತ್ರಕೋಶದ ಸೋಂಕಿನಿಂದಲೂ ಇರಬಹುದು. ತಾಯತ ಕಟ್ಟಿಸಿಕೊಂಡು ಆರು ತಿಂಗಳು ಕಳೆದರೆ ಗುಣವಾಗಬಹುದಾಗಿದ್ದ ಕಾಯಿಲೆಯೂ ಕೈತಪ್ಪುತ್ತದೆ. ನಿಜವಾದ ಡಿಮೆನ್ಶಿಯಾಗೆ ಸಂಪೂರ್ಣ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಆದರೆ ರೋಗಿಯ ದಿನಗಳನ್ನು ನೆಮ್ಮದಿಯದಾಗಿಸುವ ದಾರಿಗಳು ಬೇಕಾದಷ್ಟಿವೆ. ನಮ್ಮ ರಾಜ್ಯದಲ್ಲೇ ನಿಮ್ಹಾನ್ಸ್ ಇದೆ. ಅದರ ಸಹಯೋಗದಲ್ಲಿ ಸರಕಾರವು ಮೆದುಳಿನ ಆರೋಗ್ಯಕ್ಕಾಗಿ ಯೋಜನೆಯನ್ನೂ ರೂಪಿಸಿದೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಎಂಬುದು ಪ್ರತಿ ಮಸೀದಿಯ ಸೂಚನಾಫಲಕದಲ್ಲಿ ಇರಬೇಕಾದ ಸಂಖ್ಯೆ.

ಇನ್ನು ಶರೀಅತ್‌ನ ಮಾತು. ಮದ್ರಸಾದಲ್ಲಿ ಕಲಿತ ಪ್ರತಿಯೊಬ್ಬರೂ ಬಲ್ಲ ಹದೀಸ್ ಒಂದಿದೆ. ಮೂವರ ಮೇಲಿನಿಂದ ಲೇಖನಿ ಎತ್ತಲ್ಪಟ್ಟಿದೆ ಎಂದು ಪ್ರವಾದಿಯವರು(ಸ) ತಿಳಿಸಿದ್ದಾರೆ: ನಿದ್ದೆಯಲ್ಲಿರುವವನು, ಪ್ರಾಯಕ್ಕೆ ಬಾರದ ಮಗು ಮತ್ತು ಬುದ್ಧಿ ಸ್ವಾಧೀನದಲ್ಲಿಲ್ಲದವನು. ಅಲ್ಲಾಹನೇ ಲೆಕ್ಕ ಕೇಳದವರನ್ನು ನಾವು ಸಫ್‌ನಲ್ಲಿ ನಿಲ್ಲಿಸಿ ಗದರಿಸುವುದೆಂದರೇನು? ವೃದ್ಧರೊಬ್ಬರು ನಮಾಝಿನ ನಡುವೆ ಮಾತಾಡಿದರು, ರಕಅತ್ ತಪ್ಪಿದರು, ಝುಹ್ರ್ ಮುಗಿಸಿ ಹೋದವರು ಮತ್ತೆ ಝುಹ್ರ್‌ಗೆ ಬಂದರು ಎಂದು ‘ಇವರನ್ನು ಕಳುಹಿಸಬೇಡಿ’ ಎಂದು ಮನೆಗೆ ಹೇಳಿಕಳುಹಿಸುವವರಿದ್ದಾರೆ. ಯಾವ ಹಂತದಲ್ಲಿ ಯಾವ ಕಡ್ಡಾಯಕರ್ಮ ಉಳಿಯುತ್ತದೆ, ಯಾವುದು ಇಳಿಯುತ್ತದೆ ಎಂಬುದನ್ನು ಕುಟುಂಬದವರು ಉಲಮಾಗಳಲ್ಲಿ ಕೇಳಿ ತಿಳಿಯಲಿ. ಆದರೆ ಐವತ್ತು ವರ್ಷ ಅದೇ ಮಸೀದಿಯ ಮೆಟ್ಟಿಲು ಹತ್ತಿದವರನ್ನು ಆ ಮೆಟ್ಟಿಲಿನಿಂದ ಹಿಂದಕ್ಕೆ ಕಳುಹಿಸುವ ಹಕ್ಕು ನಮಗಿಲ್ಲ.

ಮತ್ತೊಂದು ಸಂಗತಿಯನ್ನು ಗಮನಿಸಿ. ಈ ರೋಗದಲ್ಲಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ. ಬಾಲ್ಯದಲ್ಲಿ ಕಲಿತದ್ದು, ಸಾವಿರಾರು ಸಲ ಮಾಡಿದ್ದು ಬಹುಕಾಲ ಉಳಿಯುತ್ತದೆ. ಮಗನ ಹೆಸರು ಮರೆತವರ ನಾಲಗೆಯಲ್ಲಿ ಫಾತಿಹಾ ತಪ್ಪದೆ ಹರಿಯುವುದುಂಟು. ಬಾಂಗ್ ಕೇಳಿದೊಡನೆ ಕೈ ತಾನಾಗಿ ವುಝೂವಿನ ನೀರಿನತ್ತ ಚಾಚುವುದುಂಟು. ಕಾಲಾಂತರದಲ್ಲಿ ಕಲಿತ ಭಾಷೆಗಳು ಜಾರಿ, ತಾಯ ಮಡಿಲಲ್ಲಿ ಕಲಿತ ಬ್ಯಾರಿಯೋ ನವಾಯಿತಿಯೋ ಉರ್ದುವೋ ಮಾತ್ರ ಉಳಿಯುವುದೂ ಉಂಟು. ಅವರೊಡನೆ ಆ ಭಾಷೆಯಲ್ಲೇ ಮಾತಾಡೋಣ. ಅವರು ಬಲ್ಲ ಸೂರಾಗಳನ್ನು ಅವರ ಬಳಿ ಕುಳಿತು ಓದೋಣ. ಉಳಿದಿರುವ ಈ ಎಳೆಯನ್ನು ಹಿಡಿದೇ ನಾವು ಅವರನ್ನು ತಲುಪಬೇಕು.

ಭಾಷೆಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಹೈದರಾಬಾದಿನಲ್ಲಿ 648 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮ ಬದುಕು ಅಲ್ಲಾಹನ ಅನುಗ್ರಹವೇ ಸರಿ. ಮನೆಮಾತನ್ನೂ ಕನ್ನಡವನ್ನೂ ಮಕ್ಕಳಿಗೆ ದಾಟಿಸಲು ಇದು ಇನ್ನೊಂದು ಕಾರಣ.

ಈಗ ಸಹೀಹ್ ಮುಸ್ಲಿಮ್‌ನಲ್ಲಿ ಹಝ್ರತ್ ಅನಸ್(ರ) ವರದಿ ಮಾಡಿರುವ ಘಟನೆಯೊಂದನ್ನು ನೆನೆಯೋಣ. ಬುದ್ಧಿಯಲ್ಲಿ ಏನೋ ಏರುಪೇರಿದ್ದ ಮಹಿಳೆಯೊಬ್ಬರು ಪ್ರವಾದಿಯವರ(ಸ) ಬಳಿ ಬಂದು, ತಮಗೆ ಅವರಿಂದ ಒಂದು ಕೆಲಸವಾಗಬೇಕಿದೆ ಎಂದರು. ಪ್ರವಾದಿಯವರು(ಸ) ಆಕೆಯನ್ನು ಗೌರವದ ಹೆಸರಿನಿಂದ ಕರೆದು, ಯಾವ ಬೀದಿಗೆ ಬರಬೇಕೆಂದು ಆಕೆಯೇ ಹೇಳುವಂತೆ ಕೇಳಿದರು. ಬಳಿಕ ಆಕೆಯ ಮಾತು ಮುಗಿಯುವ ತನಕ ದಾರಿಬದಿಯಲ್ಲಿ ನಿಂತು ಕೇಳಿದರು. ಮದೀನಾದ ಆಡಳಿತ ನೋಡಿಕೊಳ್ಳುತ್ತಿದ್ದವರಿಗೆ ಸಮಯವಿತ್ತು. ಅವರು ನಗಲಿಲ್ಲ, ಅವಸರಿಸಲಿಲ್ಲ, ಮಾತನ್ನು ತಿದ್ದಲಿಲ್ಲ. ಜಾಗವನ್ನು ಆರಿಸುವ ಅಧಿಕಾರವನ್ನೂ ಆಕೆಗೇ ಬಿಟ್ಟರು. ಡಿಮೆನ್ಶಿಯಾ ರೋಗಿಗಳೊಡನೆ ಹೇಗೆ ಮಾತಾಡಬೇಕೆಂದು ಇಂದಿನ ತಜ್ಞರು ಹೇಳಿಕೊಡುವುದೂ ಇದನ್ನೇ: ಹೆಸರು ಹಿಡಿದು ಕರೆಯಿರಿ, ನಿಧಾನವಾಗಿ ಕೇಳಿ, ವಾದಿಸಬೇಡಿ, ಚಿಕ್ಕಪುಟ್ಟ ಆಯ್ಕೆಗಳನ್ನು ಅವರಿಗೇ ಬಿಡಿ.

ಮನೆಯೊಳಗಿನ ಹೊರೆಯ ವಿಷಯದಲ್ಲಿ ನಾವು ಇನ್ನಷ್ಟು ಪ್ರಾಮಾಣಿಕರಾಗಬೇಕು. ಹೆತ್ತವರ ಮುಂದೆ ‘ಛೆ’ ಎಂದೂ ಅನ್ನಬಾರದೆಂಬ ಅಲ್ ಇಸ್ರಾ ಅಧ್ಯಾಯದ ಆಜ್ಞೆಯನ್ನು ನಾವು ವೇದಿಕೆಗಳಲ್ಲಿ ವಿವರಿಸುತ್ತೇವೆ. ಆ ಆಜ್ಞೆ ಮಕ್ಕಳಿಗೆ ಬಂದದ್ದು. ಅದನ್ನು ಪಾಲಿಸುವ ಕೆಲಸ ಮಾತ್ರ ಬಹುಪಾಲು ಸೊಸೆಯ ಮೇಲೆ ಬಿದ್ದಿದೆ. ಮಗ ದುಬೈಯಲ್ಲೋ ದಮ್ಮಾಮ್‌ನಲ್ಲೋ ದುಡಿಯುತ್ತಾನೆ, ವೀಡಿಯೋ ಕರೆಯಲ್ಲಿ ‘ಉಮ್ಮ ಹೇಗಿದ್ದಾರೆ?’ ಎಂದು ಕೇಳುತ್ತಾನೆ. ರಾತ್ರಿ ನಾಲ್ಕು ಸಲ ಎದ್ದು ಬಟ್ಟೆ ಬದಲಿಸುವವಳು, ಒಂದೇ ಪ್ರಶ್ನೆಗೆ ನಲ್ವತ್ತು ಸಲ ಉತ್ತರಿಸುವವಳು, ‘ನನ್ನ ಬಂಗಾರ ಕದ್ದಳು’ ಎಂಬ ಆರೋಪವನ್ನೂ ಹೊರುವವಳು ಅವಳು. ಕದ್ದರೆಂದು ದೂರುವುದೂ ಈ ರೋಗದ ಲಕ್ಷಣವೆಂದು ತಿಳಿಯದ ನೆಂಟರು ಅವಳನ್ನೇ ಶಂಕಿಸುತ್ತಾರೆ. ಹಣ ಕಳುಹಿಸಿದ ಮಾತ್ರಕ್ಕೆ ಮಗನ ಕರ್ತವ್ಯ ತೀರುವುದಿಲ್ಲ. ಗಂಡುಮಕ್ಕಳು ಸರದಿಯಂತೆ ಜೊತೆಗಿರಲಿ. ತೀರಾ ಅಸಾಧ್ಯವಾದಾಗ ಹಗಲು ಆರೈಕೆ ಕೇಂದ್ರಕ್ಕೋ ತರಬೇತಾದ ದಾದಿಗೋ ಮೊರೆಹೋಗುವುದನ್ನು ನಾವು ಪಾಪವೆಂಬಂತೆ ನೋಡಬಾರದು. ಭೇಟಿ, ವಿಚಾರಣೆ, ಪ್ರೀತಿ ನಿಲ್ಲಿಸಿದಾಗಲೇ ಹೆತ್ತವರನ್ನು ತೊರೆದಂತಾಗುವುದು. ಹಾಗೆ ತೊರೆಯುವುದು ಒಂದೇ ಸೂರಿನ ಕೆಳಗಿದ್ದುಕೊಂಡೂ ಸಾಧ್ಯ.

ಆಸ್ತಿಯ ವಿಷಯವನ್ನೂ ಮುಚ್ಚಿಡಲಾಗದು. ಬುದ್ಧಿ ಮಂಕಾದ ತಂದೆಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಮನೆ ಬರೆಸಿಕೊಳ್ಳುವುದು ಅಪರೂಪವೇನಲ್ಲ. ಸಾಲದ ವ್ಯವಹಾರ ಮಾಡುವವನ ಬುದ್ಧಿ ದುರ್ಬಲವಾಗಿದ್ದರೆ ಅವನ ಪರವಾಗಿ ಪೋಷಕನು ನ್ಯಾಯದಿಂದ ಬರೆಸಬೇಕೆಂದು ಅಲ್ ಬಕರ ಅಧ್ಯಾಯದ 282ನೇ ವಚನ ಆದೇಶಿಸುತ್ತದೆ. ಆ ‘ನ್ಯಾಯ’ ಎಂಬ ಪದವೇ ಇಲ್ಲಿ ಕೇಂದ್ರ. ತಿಳಿಯದೆ ಒತ್ತಿದ ಹೆಬ್ಬೆಟ್ಟಿನಿಂದ ಬಂದ ಆಸ್ತಿ ಕಾಗದದ ಮೇಲೆ ನಮ್ಮದಾಗಬಹುದು, ಅಲ್ಲಾಹನ ನ್ಯಾಯಾಲಯದಲ್ಲಿ ನಮ್ಮದಾಗದು.

ಇನ್ನು ಜಮಾಅತ್ ಏನು ಮಾಡಬಹುದು? ಹೊರಗೆ ಒಳ್ಳೆಯ ಮಾದರಿಗಳಿವೆ. ಜಪಾನಿನಲ್ಲಿ ಈ ರೋಗಕ್ಕಿದ್ದ ಹಳೆಯ ಹೆಸರು ಅವಮಾನಕರವೆಂದು 2004ರಲ್ಲಿ ಅದನ್ನೇ ಬದಲಿಸಿದರು. ಮರುವರ್ಷದಿಂದ ಅಂಗಡಿಯವರು, ಬ್ಯಾಂಕ್ ನೌಕರರು, ಶಾಲಾಮಕ್ಕಳಿಗೆ ಸುಮಾರು ಒಂದೂವರೆ ಗಂಟೆಯ ಸರಳ ತರಬೇತಿ ಕೊಡತೊಡಗಿದರು. ಇಂದು ಅಲ್ಲಿ ಇಂಥ ತರಬೇತಿ ಪಡೆದವರು ಒಂದು ಕೋಟಿಗೂ ಹೆಚ್ಚು. ಒಮುತಾ ಎಂಬ ಪಟ್ಟಣದಲ್ಲಿ ದಾರಿ ತಪ್ಪಿದ ವೃದ್ಧರನ್ನು ಹುಡುಕುವ ಅಣಕು ಕಾರ್ಯಾಚರಣೆಯನ್ನು ಊರವರೇ ಸೇರಿ ನಡೆಸುತ್ತಾರೆ. ನೆದರ್‌ಲ್ಯಾಂಡ್ಸ್‌ನ ವೇಸ್ಪ್‌ನಲ್ಲಿ 2009ರಲ್ಲಿ ರೋಗಿಗಳು ನಿರ್ಭಯವಾಗಿ ಅಡ್ಡಾಡಲೆಂದೇ ಬೀದಿ, ಅಂಗಡಿಗಳಿರುವ ಒಂದು ಪುಟ್ಟ ಹಳ್ಳಿಯನ್ನು ಕಟ್ಟಿದರು. ನಾವು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಅರುವತ್ತು ವರ್ಷ ನಡೆದು ಪರಿಚಯವಾದ ಓಣಿ, ದಿನಕ್ಕೆ ಐದು ಬಾರಿ ಜನ ಸೇರುವ ಮಸೀದಿ, ಹೆಸರು ಬಲ್ಲ ಅಂಗಡಿಯವನು, ಎಲ್ಲವೂ ನಮ್ಮ ಮೊಹಲ್ಲಾದಲ್ಲಿವೆ. ಬೇಕಿರುವುದು ತಿಳಿವಳಿಕೆ ಮತ್ತು ಸ್ವಲ್ಪ ವ್ಯವಸ್ಥೆ.

ವರ್ಷಕ್ಕೊಮ್ಮೆಯಾದರೂ ಜುಮಾ ಖುತ್ಬಾದಲ್ಲಿ ಈ ವಿಷಯ ಬರಲಿ. ಇಮಾಮರು ಈ ರೋಗದ ಹೆಸರನ್ನು ಮಿಂಬರ್‌ನಿಂದ ಉಚ್ಚರಿಸಿದರೆ ಹಲವು ಮನೆಗಳ ನಾಚಿಕೆ ಅಂದೇ ಅರ್ಧ ಇಳಿಯುತ್ತದೆ. ಮಸೀದಿಯಲ್ಲಿ ಆ ಹಿರಿಯರಿಗೆ ಪ್ರತಿದಿನ ಒಂದೇ ಜಾಗದಲ್ಲಿ ಕುರ್ಚಿ ಇರಲಿ, ಒಬ್ಬ ಯುವಕ ಕರೆದುಕೊಂಡು ಬಂದು ಪಕ್ಕದಲ್ಲೇ ನಿಂತು ಮನೆಗೆ ಬಿಟ್ಟುಬರಲಿ. ಅವರ ಜೇಬಿನಲ್ಲಿ ಮನೆಯವರ ಫೋನ್ ಸಂಖ್ಯೆಯ ಚೀಟಿ ಇರಲಿ. ಆಟೋ ಚಾಲಕರಿಗೂ ಅಂಗಡಿಯವರಿಗೂ ಅವರ ಪರಿಚಯವಿರಲಿ. ಮಗು ಕಾಣೆಯಾದಾಗ ಮಸೀದಿಯ ಧ್ವನಿವರ್ಧಕದಲ್ಲಿ ಪ್ರಕಟಿಸುವ ನಾವು ಹಿರಿಯರು ಕಾಣೆಯಾದಾಗಲೂ ಸಂಕೋಚವಿಲ್ಲದೆ ಪ್ರಕಟಿಸೋಣ. ಮಹಿಳಾ ಸಂಘಟನೆಗಳ ಸಹೋದರಿಯರು ಸರದಿ ಹಾಕಿಕೊಂಡು ವಾರಕ್ಕೆರಡು ಗಂಟೆ ರೋಗಿಯ ಬಳಿ ಕುಳಿತರೆ, ಆರೈಕೆ ಮಾಡುವವಳಿಗೆ ನೆಮ್ಮದಿಯಿಂದ ನಮಾಝ್ ಮಾಡಲು, ಒಂದು ನಿದ್ದೆ ತೆಗೆಯಲು ಬಿಡುವು ಸಿಗುತ್ತದೆ. ಮದ್ರಸಾದ ಮಕ್ಕಳು ಅವರ ಮುಂದೆ ಕುಳಿತು ಪಾಠ ಒಪ್ಪಿಸಲಿ. ಹಿರಿಯರಿಗೆ ಜೊತೆ ಸಿಗುತ್ತದೆ, ಮಕ್ಕಳಿಗೆ ಪುಸ್ತಕ ಕಲಿಸದ ಪಾಠ ಸಿಗುತ್ತದೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ನಿಧಿ ಬೇಕಿಲ್ಲ.

ಅವರಿಗೆ ನಾವು ಬಂದುಹೋದದ್ದು ನೆನಪಿರುವುದಿಲ್ಲವಲ್ಲ, ಹೋಗಿ ಏನು ಫಲ ಎನ್ನುವವರಿದ್ದಾರೆ. ಬಂದವರು ಯಾರೆಂಬುದು ಮರೆತರೂ ಆ ಭೇಟಿ ತಂದ ಸಮಾಧಾನ ಅವರ ಮುಖದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಅದೂ ಉಳಿಯದಿದ್ದರೆ, ಮರೆವಿಲ್ಲದ ಒಡೆಯನ ಗ್ರಂಥದಲ್ಲಿ ಆ ಭೇಟಿ ದಾಖಲಾಗಿರುತ್ತದೆ. ರೋಗಿಯ ಸಂದರ್ಶನಕ್ಕೆ ಪ್ರತಿಫಲ ಕೊಡುವವನು ಅಲ್ಲಾಹನೇ ಹೊರತು ರೋಗಿಯಲ್ಲ.

ಅಲ್ಲಾಹನು ನಮ್ಮ ಹಿರಿಯರ ಮೇಲೆ ಕರುಣೆ ತೋರಲಿ. ಅವರ ಸೇವೆಯಲ್ಲಿ ದಣಿದ ಸಹೋದರಿಯರಿಗೆ ಸಹನೆಯನ್ನೂ ಉತ್ತಮ ಪ್ರತಿಫಲವನ್ನೂ ನೀಡಲಿ. ದುರ್ಬಲ ವೃದ್ಧಾಪ್ಯದಿಂದ ನಮ್ಮನ್ನು ಕಾಪಾಡಲಿ. ಅದು ನಮ್ಮ ಪಾಲಿಗೆ ಬರೆದಿದ್ದರೆ, ಕೈಹಿಡಿದು ಮಸೀದಿಗೆ ಕರೆದೊಯ್ಯುವವರಿರುವ ಮೊಹಲ್ಲಾದಲ್ಲಿ ನಮ್ಮನ್ನಿರಿಸಲಿ. ಆಮೀನ್.